ಶುಶ್ರೂಷೆಯ ಕಾಯಕವೂ ಆರೋಗ್ಯನೀತಿಯ ಮಂಟಪವೂ



ಶ್ರೀಮಠದ ಮಹೋತ್ಸವದ ಈ ಶುಭಸಂದರ್ಭದಲ್ಲಿ ಭಕ್ತಮಹಾಶಯರ ಸನ್ನಿಧಿಯಲ್ಲಿ ಒಂದು ಚಿಕ್ಕ ಚರಿತ್ರೆಯನ್ನು ನಿವೇದಿಸಬೇಕೆಂದು ಸಂಕಲ್ಪಿಸಿರುತ್ತೇನೆ. ಅರಸರ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಗುರುಪರಂಪರೆಯ ಚರಿತ್ರೆಯನ್ನು ಪುರಾಣಗಳು ಹೇಳುತ್ತವೆ. ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚರದಿಂದಿದ್ದು ಬೆಳಗಾಗುತ್ತಲೆ ಯಾರಿಗೂ ಕಾಣದಂತೆ ಮನೆಗೆ ತೆರಳುವ ಶುಶ್ರೂಷಕಿಯ ಚರಿತ್ರೆಯನ್ನು ಹೇಳುವವರು ವಿರಳ. ಅದರಲ್ಲಿಯೂ, ಅಂಥ ನೂರಾರು ಮಂದಿಯನ್ನು ನಡೆಸುವ ಶುಶ್ರೂಷಾಧ್ಯಕ್ಷೆಯರಿಗೆ, ಅಂದರೆ ಜನರು ಮೇಟ್ರನ್ ಎಂದು ಕರೆಯುತ್ತ ಬಂದವರಿಗೆ, ನಾಡಿನ ಆರೋಗ್ಯನೀತಿಯನ್ನು ನಿರ್ಣಯಿಸುವ ಸಭೆಗಳಲ್ಲಿ ಯಾವ ಸ್ಥಾನವಿದ್ದಿತು, ಈಗ ಯಾವ ಸ್ಥಾನವಿದೆ ಎಂಬ ವಿಚಾರವನ್ನು ನಮ್ಮ ಮಠಗಳ ಸಂಚಿಕೆಗಳಲ್ಲಿ ಎತ್ತಿದವರು ಇನ್ನೂ ವಿರಳ. ಆದಕಾರಣ ಈ ಲೇಖನ.

ಈ ವಿಚಾರವು ನಮಗೆ ದೂರದ್ದೇನೂ ಅಲ್ಲ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಆನೇಕಲ್ಲು ತಾಲ್ಲೂಕಿನಲ್ಲಿ ಹೆಬ್ಬಗೋಡಿ ಎಂಬ ಊರಿರುವುದಷ್ಟೆ. ಒಂದು ಕಾಲಕ್ಕೆ ರಾಗಿಯ ಹೊಲಗಳೂ ಕೆರೆಗಳೂ ಇದ್ದ ಈ ಸೀಮೆಯಲ್ಲಿ 1978ರಿಂದೀಚೆಗೆ ಎಲೆಕ್ಟ್ರಾನಿಕ್ ಸಿಟಿಯು ಬೆಳೆಯಿತು. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವು ಹಬ್ಬಿತು. 2025ನೆಯ ಆಗಸ್ಟಿನಲ್ಲಿ ಮೆಟ್ರೋ ರೈಲು ಸಹ ಹೆಬ್ಬಗೋಡಿಯನ್ನು ದಾಟಿ ಬೊಮ್ಮಸಂದ್ರವನ್ನು ಮುಟ್ಟಿತು. ಅದೇ ನೆರೆಯಲ್ಲಿ ಈ ಶತಮಾನದ ಆರಂಭದಲ್ಲಿ ಡಾಕ್ಟರ್ ದೇವಿಶೆಟ್ಟಿಯವರು ನಾರಾಯಣ ಹೃದಯಾಲಯವನ್ನು ಸ್ಥಾಪಿಸಿದರು. ಹೀಗೆ ಯಂತ್ರಗಳ ನಡುವೆ ದೊಡ್ಡ ಆರೋಗ್ಯನಗರವೊಂದು ಎದ್ದು ನಿಂತಿತು. ಮುಂಜಾನೆ ಆರೇಳು ಗಂಟೆಯ ವೇಳೆಗೆ ಆ ರಸ್ತೆಯಲ್ಲಿ ನಿಂತು ನೋಡುವವರಿಗೆ ಕಾರ್ಖಾನೆಯ ಕೆಲಸಗಾರರ ಗುಂಪಿನೊಡನೆ ರಾತ್ರಿಯ ಸರದಿಯನ್ನು ಮುಗಿಸಿ ಬರುವ ದಾದಿಯರೂ ಕಾಣಿಸುವರು. ಅವರಲ್ಲಿ ನಮ್ಮ ಭಕ್ತರ ಹೆಣ್ಣುಮಕ್ಕಳೂ ಉಂಟು.

ಮೊದಲು ನಮ್ಮ ಧರ್ಮದ ಮೂಲವನ್ನೇ ಸ್ಮರಿಸೋಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪದಲ್ಲಿ ಯಾರು ಯಾರು ಕುಳಿತಿದ್ದರೆಂಬುದು ಶರಣಬಂಧುಗಳಿಗೆ ತಿಳಿದ ವಿಷಯವೇ. ಬಟ್ಟೆಯನ್ನು ಮಡಿಮಾಡುವ ಮಾಚಿದೇವನು, ದೋಣಿಯನ್ನು ನಡೆಸುವ ಚೌಡಯ್ಯನು, ಅಂಗಳವನ್ನು ಗುಡಿಸುವ ಸತ್ಯಕ್ಕನು, ರೋಗಿಗಳಿಗೆ ಔಷಧವನ್ನು ಕೊಡುವ ವೈದ್ಯ ಸಂಗಣ್ಣನು, ಇವರೆಲ್ಲರೂ ತಮ್ಮ ತಮ್ಮ ಕಾಯಕದ ಅನುಭವವನ್ನೇ ತತ್ತ್ವದ ಭಾಷೆಯನ್ನಾಗಿ ಮಾಡಿಕೊಂಡು ಮಾತನಾಡಿದರು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನೆಯಿರಿ. ಗಂಡನಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ನೋಡಿದೊಡನೆಯೇ ಇದು ನಮ್ಮ ಅಳತೆಯಲ್ಲವೆಂದು ಕಂಡುಹಿಡಿದು, ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಆಕೆಗೆ ಆ ಅಳತೆಯು ತಿಳಿದದ್ದು ಹೇಗೆ? ದಿನದಿನವೂ ಆ ಅಕ್ಕಿಯನ್ನು ಅಡುಗೆಮಾಡಿ ಬಡಿಸುತ್ತಿದ್ದವಳು ಆಕೆಯೇ ಆದುದರಿಂದ. ಕೈಯಲ್ಲಿ ಕೆಲಸವುಳ್ಳವರಿಗೆ ಮಾತ್ರ ತಿಳಿಯುವ ಅಳತೆಯೊಂದುಂಟು. ಈ ಲೇಖನದ ಸಾರವೆಲ್ಲವೂ ಆ ಒಂದು ಮಾತಿನಲ್ಲಿದೆ.

ಇನ್ನು ಚರಿತ್ರೆಗೆ ಬರೋಣ. ಆಧುನಿಕ ಶುಶ್ರೂಷೆಯ ಮಾತೆಯೆನಿಸಿದ ಫ್ಲಾರೆನ್ಸ್ ನೈಟಿಂಗೇಲಳು ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಉಪಚರಿಸಿದ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆಕೆಗೂ ನಮ್ಮ ಬೆಂಗಳೂರಿಗೂ ಇದ್ದ ಸಂಬಂಧವನ್ನು ಬಲ್ಲವರು ಕೆಲವರೇ. ಹಿಂದೂದೇಶದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸುವುದಕ್ಕಾಗಿ 1859ರಲ್ಲಿ ಒಂದು ರಾಜಾಯೋಗವು ನೇಮಕವಾಯಿತು. ಸ್ತ್ರೀಯಾದ ನೈಟಿಂಗೇಲಳಿಗೆ ಆ ಆಯೋಗದಲ್ಲಿ ಸದಸ್ಯತ್ವವಿರಲಿಲ್ಲ. ಆದರೂ ಇಲ್ಲಿಯ ದಂಡಿನ ಠಾಣೆಗಳಿಗೆಲ್ಲ ಕಳುಹಿಸತಕ್ಕ ಪ್ರಶ್ನಾವಳಿಯನ್ನು ಸಿದ್ಧಪಡಿಸಿದವಳು ಆಕೆಯೇ. ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ? ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಎಷ್ಟು ಗಾಳಿಯುಂಟು? ಇವು ರೋಗಿಯ ಬಳಿ ಕುಳಿತವಳಿಗೆ ಸಹಜವಾಗಿ ತೋರುವ ಪ್ರಶ್ನೆಗಳು. ಠಾಣೆಗಳಿಂದ ಬಂದ ಉತ್ತರಗಳ ಮೂಟೆಗಳನ್ನು ಆಕೆಯು ತನ್ನ ಮನೆಯಲ್ಲಿಯೇ ಓದಿ ತನ್ನ ಅಭಿಪ್ರಾಯವನ್ನು ಬರೆದಳು.

ಬೆಂಗಳೂರಿನ ದಂಡಿನಿಂದ ಬಂದ ಉತ್ತರದಲ್ಲಿ ಹಲಸೂರು ಕೆರೆಯ ಪ್ರಸ್ತಾಪವಿದ್ದಿತು. ಕುಡಿಯುವುದಕ್ಕೆ ಉಪಯೋಗಿಸುತ್ತಿದ್ದ ಆ ಕೆರೆಗೇ ಪೇಟೆಯ ಮತ್ತು ಸಿಪಾಯಿಗಳ ಬಿಡದಿಗಳ ಕೊಳೆನೀರು ಹರಿಯುತ್ತಿದ್ದಿತು. ಇದನ್ನು ಆಕೆಯು ಮುಚ್ಚುಮರೆಯಿಲ್ಲದೆ ಎತ್ತಿ ತೋರಿಸಿದಳು. ಆಯೋಗದ ವರದಿಯು 1863ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಇಲ್ಲಿಯ ಬ್ರಿಟಿಷ್ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಅವರಲ್ಲಿ ಬಹುಮಂದಿ ಸತ್ತದ್ದು ಯುದ್ಧದಿಂದಲ್ಲ, ರೋಗದಿಂದ. ಹತ್ತು ವರ್ಷಗಳಾದ ಮೇಲೆ, 1873ರಲ್ಲಿ, ಆ ಸಂಖ್ಯೆಯು 18ಕ್ಕೆ ಇಳಿದಿದೆಯೆಂದು ಆಕೆಯೇ ಲೆಕ್ಕವನ್ನು ತೋರಿಸಿದಳು. ಇದೆಲ್ಲವೂ ಒಬ್ಬಳಿಂದಲೇ ಆಯಿತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಎಂಜಿನಿಯರುಗಳೂ ವೈದ್ಯರೂ ಅಧಿಕಾರಿಗಳೂ ಇದಕ್ಕಾಗಿ ದುಡಿದಿದ್ದರು. ಆದರೆ ಪ್ರಶ್ನೆಗಳು ಶುಶ್ರೂಷಕಿಯವಾಗಿದ್ದವು. ಸಭೆಯಲ್ಲಿ ಪೀಠವಿಲ್ಲದೆಯೇ ಆಕೆಯು ಇಷ್ಟನ್ನು ಸಾಧಿಸಿದಳೆಂದು ನಾವು ಆಕೆಯನ್ನು ಹೊಗಳಬಹುದು. ಅಷ್ಟು ವಿದ್ಯೆಯೂ ಕುಲೀನರ ಪರಿಚಯವೂ ಇಲ್ಲದ ಸಾವಿರಾರು ಮಂದಿ ದಾದಿಯರ ಪ್ರಶ್ನೆಗಳು ಎಲ್ಲಿ ಹೋದವೆಂದು ಚಿಂತಿಸುವುದೂ ನಮ್ಮ ಕರ್ತವ್ಯ.

ನಮ್ಮ ರಾಜಧಾನಿಯಲ್ಲಿ ಶುಶ್ರೂಷೆಯು ಬೇರೂರಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು. 1886ರಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಆರಂಭಿಸಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಜನರು ಮನೆಮಾರುಗಳನ್ನು ಬಿಟ್ಟು ಬಯಲಿಗೆ ಹೋದರು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ 1935ರಲ್ಲಿ ವಾಣಿವಿಲಾಸ ಆಸ್ಪತ್ರೆಯೂ ತೆರೆಯಲ್ಪಟ್ಟವು. ಈ ಕಟ್ಟಡಗಳ ಶಿಲಾಫಲಕಗಳ ಮೇಲೆ ಪ್ರಭುಗಳ ಹೆಸರುಗಳಿರುವುದು ಉಚಿತವೇ. ಆದರೆ ಆ ಕಟ್ಟಡಗಳೊಳಗೆ ಹಗಲಿರುಳು ಶುಚಿತ್ವವನ್ನೂ ಪಥ್ಯವನ್ನೂ ಔಷಧಕಾಲವನ್ನೂ ಕಾಪಾಡಿದವರ ಹೆಸರುಗಳು ಸರದಿಯ ಪುಸ್ತಕಗಳಲ್ಲಿಯೇ ಉಳಿದುಹೋದವು.

ಆದರೂ ಅವರು ಸುಮ್ಮನಿರಲಿಲ್ಲ. 1905ರಲ್ಲಿ ಲಖನೌ ನಗರದಲ್ಲಿ ಶುಶ್ರೂಷಾಧ್ಯಕ್ಷೆಯರದೇ ಒಂದು ಸಂಘವು ಹುಟ್ಟಿತು. 1908ರಲ್ಲಿ ಭಾರತೀಯ ಶಿಕ್ಷಿತ ದಾದಿಯರ ಸಂಘವು ಸ್ಥಾಪಿತವಾಯಿತು. 1910ರಿಂದ ಅವರ ಪತ್ರಿಕೆಯೂ ಹೊರಡತೊಡಗಿತು. ಒಬ್ಬೊಬ್ಬರ ನಿಟ್ಟುಸಿರು ಒಂದು ಸಂಘದ ಬಿನ್ನಹವಾಗಿ ಮಾರ್ಪಟ್ಟದ್ದು ಹೀಗೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1943ರಲ್ಲಿ ನೇಮಕವಾದ ಭೋರ್ ಸಮಿತಿಯು ದೇಶದ ಆರೋಗ್ಯವನ್ನು ಸಮಗ್ರವಾಗಿ ಪರೀಕ್ಷಿಸಿ 1946ರಲ್ಲಿ ವರದಿಯನ್ನು ಒಪ್ಪಿಸಿತು. ಆಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 7,000 ಮಂದಿ ದಾದಿಯರು ಮಾತ್ರವೇ ಇದ್ದರು. ಅಂದರೆ 43,000 ಜನಕ್ಕೆ ಒಬ್ಬಳು. ಈ ಕೊರತೆಯನ್ನು ಆ ಸಮಿತಿಯು ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಟ್ಟಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ಜಾರಿಗೆ ಬಂದು, ಶಿಕ್ಷಣದ ಮಟ್ಟವನ್ನು ದೇಶಕ್ಕೆಲ್ಲ ಏಕರೂಪವಾಗಿ ಮಾಡುವ ಕಾರ್ಯವು ಮೊದಲಾಯಿತು. ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯ ಪ್ರಕಾರ ದಾದಿಯರ ನೋಂದಣಿಗೆ ಪರಿಷತ್ತು ಏರ್ಪಟ್ಟಿತು. ನಲವತ್ತು ವರ್ಷಗಳು ಕಳೆದ ಮೇಲೆ, 1987ರಲ್ಲಿ, ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಶುಶ್ರೂಷಾವೃತ್ತಿಯ ಸ್ಥಿತಿಗತಿಗಳನ್ನು ವಿಚಾರಿಸಲು ಉನ್ನತಾಧಿಕಾರ ಸಮಿತಿಯೊಂದು ನೇಮಕವಾಗಿ 1989ರಲ್ಲಿ ವರದಿಯನ್ನು ಕೊಟ್ಟಿತು. ಸಮಿತಿಗಳು ಬಂದವು, ವರದಿಗಳು ಬಂದವು; ಆದರೆ ನೀತಿಯು ನಿರ್ಣಯವಾಗುವ ಕೊಠಡಿಯ ಬಾಗಿಲು ಶುಶ್ರೂಷಾಧ್ಯಕ್ಷೆಗೆ ಬಹಳ ನಿಧಾನವಾಗಿಯೇ ತೆರೆಯಿತು.

ಹಾಗಾದರೆ ದಾದಿಯ ಅನುಭವವು ನೀತಿಗೆ ಉಪಯುಕ್ತವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಮಾಣವುಂಟೆ ಎಂದು ಕೇಳಿದರೆ, ಉಂಟು. ಅದು ಹೆಬ್ಬಗೋಡಿಯಿಂದ ಬಹುದೂರವೂ ಅಲ್ಲ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲಭಾರತ ಮಾನಸಿಕ ಆರೋಗ್ಯಸಂಸ್ಥೆಯು ಸ್ಥಾಪಿತವಾಗಿ, ಮನೋರೋಗಿಗಳ ಶುಶ್ರೂಷೆಯಲ್ಲಿ ದಾದಿಯರಿಗೆ ವಿಶೇಷ ಶಿಕ್ಷಣವು ಅಲ್ಲಿ ದೊರೆಯತೊಡಗಿತು. 1974ರಲ್ಲಿ ಅದು ನಿಮ್ಹಾನ್ಸ್ ಎಂಬ ಹೆಸರನ್ನು ಪಡೆಯಿತು. ಆ ಸಂಸ್ಥೆಯವರು 1976ರಲ್ಲಿ ಇದೇ ಆನೇಕಲ್ಲು ತಾಲ್ಲೂಕಿನ ಸಕಲವಾರ ಗ್ರಾಮದಲ್ಲಿ ಒಂದು ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯಕಾರ್ಯಕರ್ತರಿಗೆ ಮನೋರೋಗವನ್ನು ಗುರುತಿಸುವ ಕ್ರಮವನ್ನು ಕಲಿಸಿದರು. ಇಂಥ ಪ್ರಯೋಗಗಳ ಆಧಾರದ ಮೇಲೆಯೇ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಲ್ಪಟ್ಟ ವಿಧಾನವು 1996ರಿಂದ ಬೇರೆ ಜಿಲ್ಲೆಗಳಿಗೂ ಹರಡಿತು.

ಅದೇ ಸಂಸ್ಥೆಯಲ್ಲಿ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಎಂಬವರು ಮಾಡಿ 1983ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ವಿಶೇಷವಾಗಿ ಸ್ಮರಣೀಯವಾದುದು. ಸ್ಕಿಜೋಫ್ರೀನಿಯ ರೋಗಿಗಳಲ್ಲಿ ಒಂದು ತಂಡದವರನ್ನು ಆಸ್ಪತ್ರೆಯಲ್ಲಿರಿಸಿಯೂ, ಮತ್ತೊಂದು ತಂಡದವರನ್ನು ಅವರವರ ಮನೆಯಲ್ಲಿಯೇ ಇರಿಸಿ ಶಿಕ್ಷಿತಳಾದ ದಾದಿಯೊಬ್ಬಳು ಹೋಗಿ ಬಂದು ನೋಡಿಕೊಳ್ಳುವಂತೆಯೂ ಏರ್ಪಡಿಸಿದರು. ಮನೆಯಲ್ಲಿದ್ದವರ ಗುಣವೇ ಮೇಲಾಗಿ, ಬಂಧುಗಳ ಹೊರೆಯೂ ಇಳಿದು, ವೆಚ್ಚವೂ ಕಡಿಮೆಯಾಯಿತೆಂದು ಕಂಡುಬಂದಿತು. ಬಂಧುಗಳ ಹೊರೆ ಎಂಬ ಈ ಮಾತನ್ನು ಗಮನಿಸಬೇಕು. ಒಬ್ಬನು ಮಲಗಿದರೆ ಮನೆಯಲ್ಲಿ ಯಾರ ದುಡಿಮೆ ನಿಂತಿತು, ಯಾರ ನಿದ್ರೆ ಕೆಟ್ಟಿತು, ನೆರೆಯವರು ಏನೆಂದರು ಎಂಬುದನ್ನು ಅಳೆಯುವ ಸಾಧನವನ್ನು ಅವರಿಬ್ಬರೇ 1981ರಲ್ಲಿ ರಚಿಸಿದ್ದರು. ಹೊಸ್ತಿಲನ್ನು ದಾಟಿ ಒಳಗೆ ಹೋಗುವವಳಿಗೆ ಕಾಣುವ ಸಂಗತಿಗಳಿವು.

ಇನ್ನು ಹೆಬ್ಬಗೋಡಿಯ ನೆರೆಗೆ ಮರಳೋಣ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ನಮ್ಮ ರಾಜ್ಯದಲ್ಲಿ ಯಶಸ್ವಿನಿ ಎಂಬ ಯೋಜನೆಯು ಆರಂಭವಾಯಿತು. ಅದರ ಕಲ್ಪನೆಯಲ್ಲಿ ಡಾಕ್ಟರ್ ದೇವಿಶೆಟ್ಟಿಯವರ ಪಾತ್ರವು ಮುಖ್ಯವಾಗಿದ್ದಿತು. ತಿಂಗಳಿಗೆ 5 ರೂಪಾಯಿಗಳನ್ನು ಕಟ್ಟಿದ ರೈತನಿಗೆ ಶಸ್ತ್ರಚಿಕಿತ್ಸೆಯ ಭಯವು ನೀಗಿತೆಂದರೆ ಅದು ಸಾಮಾನ್ಯವಾದ ಉಪಕಾರವಲ್ಲ. 2018ರಲ್ಲಿ ಬೇರೊಂದು ಯೋಜನೆಯಲ್ಲಿ ಲೀನವಾಗಿದ್ದ ಅದನ್ನು ಕೆಲವು ವರ್ಷಗಳಾದ ಮೇಲೆ ಸರಕಾರವು ಪುನಃ ಪ್ರಾರಂಭಿಸಿತು. ಇಂಥ ಯೋಜನೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಬೆಲೆಯನ್ನು ಕಟ್ಟುವುದು ಸುಲಭ. ಚಿಕಿತ್ಸೆಯು ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಅನಂತರದ ಹತ್ತು ದಿನಗಳ ಉಪಚಾರವನ್ನೂ, ಊರಿಗೆ ಮರಳಿದ ಮೇಲೆ ಗಾಯವನ್ನು ಕಾಪಾಡುವ ಕ್ರಮವನ್ನೂ ಲೆಕ್ಕಕ್ಕೆ ತರಬಲ್ಲವರು ಯಾರು? ಆ ಹತ್ತು ದಿನಗಳನ್ನು ನಡೆಸಿದವರೇ ಅಲ್ಲವೆ?

ಇದೇ ಯೋಚನೆಯಿಂದ ಹುಟ್ಟಿದ ಪ್ರಯತ್ನವೊಂದನ್ನೂ ಹೇಳಬೇಕು. 2014ರಲ್ಲಿ ಸ್ಥಾಪಿತವಾದ ನೂರಾ ಹೆಲ್ತ್ ಎಂಬ ಸಂಸ್ಥೆಯು ನಾರಾಯಣ ಆಸ್ಪತ್ರೆಗಳಲ್ಲಿ ತನ್ನ ಕೆಲಸವನ್ನು ಆರಂಭಿಸಿತು. ರೋಗಿಯ ಹೊರಗೆ ಕಾದು ಕುಳಿತಿರುವ ತಾಯಿ, ಹೆಂಡತಿ, ಮಗ ಇವರಿಗೆ ಕೈತೊಳೆಯುವ ವಿಧಿ, ಔಷಧವನ್ನು ಕೊಡುವ ವಿಧಿ, ಅಪಾಯದ ಚಿಹ್ನೆಗಳು ಇವನ್ನು ದಾದಿಯರೇ ಪಾಠವಾಗಿ ಹೇಳಿಕೊಡುವ ಏರ್ಪಾಡು ಅದು. ಮುಂದೆ ಅದು ಸರಕಾರದ ಆಸ್ಪತ್ರೆಗಳಿಗೂ ಹಬ್ಬಿತು. ಆಸ್ಪತ್ರೆಯ ಕೈಸಾಲೆಯಲ್ಲಿ ನಿರಾಶ್ರಿತರಂತೆ ಮಲಗಿದ್ದ ಬಂಧುಗಳು ಶುಶ್ರೂಷೆಯಲ್ಲಿ ಪಾಲುಗಾರರಾದರು. ಅವರಿಗೆ ದಾದಿಯು ಗುರುವಾದಳು.

ಈಗ ಒಂದು ಲೆಕ್ಕವನ್ನು ಭಕ್ತಮಹಾಶಯರು ತಾಳ್ಮೆಯಿಂದ ನೋಡಬೇಕೆಂದು ಬೇಡುತ್ತೇನೆ. ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿಯೂ, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬಳೂ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಮಾಡಿದ ಪ್ರಮಾಣ. ರಜೆಗಾಗಿ ನೂರಕ್ಕೆ 30ರಷ್ಟು ಹೆಚ್ಚು ಮಂದಿ ಬೇರೆ. ಸಭೆಯಲ್ಲಿ ಕುಳಿತು ಕಾಗದವನ್ನು ಓದುವವನಿಗೆ ಮೂವರಿಗೆ ಒಬ್ಬಳೆಂಬುದು ಧಾರಾಳವಾಗಿಯೇ ತೋರುವುದು. ಆದರೆ ದಿನಕ್ಕೆ ಸರದಿಗಳು ಮೂರು. 30 ಹಾಸಿಗೆಗಳ ವಾರ್ಡಿಗೆ 10 ಮಂದಿ ದಾದಿಯರೆಂದರೆ ಒಂದು ಸರದಿಗೆ ಬರುವವರು ಮೂವರೇ. ಅಂದರೆ ಮೂವರಿಗೆ ಒಬ್ಬಳೆಂಬ ಪ್ರಮಾಣವು ಹಾಸಿಗೆಯ ಬಳಿಗೆ ಬರುವಷ್ಟರಲ್ಲಿ ಒಂಬತ್ತು ಹತ್ತು ಮಂದಿಗೆ ಒಬ್ಬಳೆಂದಾಗುತ್ತದೆ. ಐವರಿಗೆ ಒಬ್ಬಳೆಂಬ ಲೆಕ್ಕದಲ್ಲಿ ಅದೇ 30 ಹಾಸಿಗೆಗಳಿಗೆ 6 ಮಂದಿ, ಸರದಿಗೆ ಇಬ್ಬರು, ಒಬ್ಬೊಬ್ಬಳ ಪಾಲಿಗೆ 15 ಮಂದಿ ರೋಗಿಗಳು. ರಜೆಯ ಪಾಲನ್ನು ತುಂಬದೆ ಬಿಟ್ಟರೆ, ಒಬ್ಬಳು ಜ್ವರದಿಂದ ಮಲಗಿದ ರಾತ್ರಿ ಮತ್ತೊಬ್ಬಳು 30 ಮಂದಿಯನ್ನೂ ನೋಡಬೇಕು. ಆ ರಾತ್ರಿ ಮೂವತ್ತನೆಯ ಹಾಸಿಗೆಯಲ್ಲಿರುವವನು ಯಾರ ಮಗನೋ ಬಲ್ಲವರಾರು? ನೀತಿಯೆಂಬುದು ಕಾಗದದ ಮೇಲೆ ಒಂದು ಸಂಖ್ಯೆ. ಹಾಸಿಗೆಯ ಬಳಿ ಬೇರೊಂದು ಸಂಖ್ಯೆ. ಈ ಎರಡನ್ನೂ ಒಟ್ಟಿಗೆ ಕಾಣಬಲ್ಲವಳು ಪ್ರತಿವಾರವೂ ಸರದಿಯ ಪಟ್ಟಿಯನ್ನು ಬರೆಯುವ ಶುಶ್ರೂಷಾಧ್ಯಕ್ಷೆಯೊಬ್ಬಳೇ. ಲಕ್ಕಮ್ಮನ ಅಕ್ಕಿಯ ಅಳತೆಯೆಂದು ಮೊದಲಿಗೆ ಹೇಳಿದ್ದು ಇದನ್ನೇ.

ಇದಕ್ಕೆ ಆಕ್ಷೇಪಗಳಿಲ್ಲವೆ ಎಂದರೆ, ಇವೆ. ಚಿಕಿತ್ಸೆಯ ಹೊಣೆಯು ವೈದ್ಯನದು, ಹಣದ ಹೊಣೆಯು ಆಡಳಿತದವರದು, ಇವರಿಬ್ಬರ ನಡುವೆ ಮೂರನೆಯ ಮಾತೇಕೆ ಎನ್ನುವವರುಂಟು. ವೈದ್ಯನ ಹೊಣೆಯನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ವೈದ್ಯನು ಬರೆದದ್ದು ನಡೆಯಿತೋ ಇಲ್ಲವೋ ಎಂಬುದನ್ನು ತಿಳಿದವರ ಮಾತನ್ನು ಕೇಳಬೇಕೆಂಬುದಷ್ಟೇ ಪ್ರಾರ್ಥನೆ. ಶುಶ್ರೂಷಾಧ್ಯಕ್ಷೆಯರಿಗೆ ಸಭೆಗೆ ಬರಲು ಬಿಡುವೇ ಇಲ್ಲವೆನ್ನುವವರೂ ಉಂಟು. ಅದು ಸತ್ಯ. ಆದರೆ ಬಿಡುವಿಲ್ಲದಂತೆ ಮಾಡಿರುವುದೂ ಒಂದು ನೀತಿಯೇ, ಅದನ್ನು ಬದಲಾಯಿಸಬಹುದು. ಹಣಕಾಸಿನ ಪತ್ರವನ್ನು ಓದುವ, ಲೆಕ್ಕವನ್ನು ಮಂಡಿಸುವ, ಸಭೆಯಲ್ಲಿ ವಾದಿಸುವ ಶಿಕ್ಷಣವು ಅವರಿಗೆ ಸಾಲದೆಂಬ ಮೂರನೆಯ ಆಕ್ಷೇಪದಲ್ಲಿಯೂ ಸ್ವಲ್ಪ ಹುರುಳಿದೆ. ಅದಕ್ಕೆ ಪರಿಹಾರವು ಆ ಶಿಕ್ಷಣವನ್ನು ಕೊಡುವುದೇ ಹೊರತು ಬಾಗಿಲನ್ನು ಮುಚ್ಚುವುದಲ್ಲ.

ಲೋಕವೂ ಈ ದಿಕ್ಕಿನಲ್ಲಿಯೇ ನಡೆಯುತ್ತಲಿದೆ. 2020ನೆಯ ವರ್ಷವನ್ನು ವಿಶ್ವ ಆರೋಗ್ಯಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಆಚರಿಸಿತು. ಕೊರೋನಾ ಮಾರಿಯೂ ಅದೇ ವರ್ಷ ಲೋಕವನ್ನೆಲ್ಲ ಸುತ್ತಿತು. ಆಗ ಪ್ರಕಟವಾದ ವರದಿಯ ಪ್ರಕಾರ ಲೋಕದಲ್ಲಿ 2 ಕೋಟಿ 79 ಲಕ್ಷ ದಾದಿಯರಿದ್ದರು. ವಿವರವನ್ನು ಒಪ್ಪಿಸಿದ 115 ದೇಶಗಳಲ್ಲಿ 82 ದೇಶಗಳು ಸರಕಾರದಲ್ಲಿ ರಾಷ್ಟ್ರಮಟ್ಟದ ಶುಶ್ರೂಷಾಧಿಕಾರಿಯ ಪದವಿಯನ್ನು ಇರಿಸಿಕೊಂಡಿದ್ದವು. ನಮ್ಮ ದೇಶದಲ್ಲಿ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯು ಅಂಗೀಕೃತವಾಯಿತು. 1947ರ ಕಾಯಿದೆಯ ಸ್ಥಾನದಲ್ಲಿ ಬರತಕ್ಕದ್ದಾದ ಇದರಲ್ಲಿ 29 ಮಂದಿ ಸದಸ್ಯರ ಆಯೋಗವನ್ನು ವಿಧಿಸಿದೆ. ಅಧ್ಯಕ್ಷಪೀಠದಲ್ಲಿ ಕುಳ್ಳಿರತಕ್ಕವರು ಶುಶ್ರೂಷಾಶಾಸ್ತ್ರದಲ್ಲಿಯೇ ಸ್ನಾತಕೋತ್ತರ ಪದವಿಯನ್ನು ಪಡೆದು, ಕ್ಷೇತ್ರದಲ್ಲಿ 20 ವರ್ಷಗಳಿಗೆ ಕಡಿಮೆಯಿಲ್ಲದ ಅನುಭವವುಳ್ಳವರಾಗಿರಬೇಕು. ಧರ್ಮಾರ್ಥ ಸಂಸ್ಥೆಗಳ ಪ್ರತಿನಿಧಿಗೂ ಅದರಲ್ಲಿ ಸ್ಥಾನವನ್ನು ಇರಿಸಿರುವುದು ಮಠಾನುಯಾಯಿಗಳಾದ ನಾವು ವಿಶೇಷವಾಗಿ ಗಮನಿಸತಕ್ಕ ಅಂಶ. ರಾಜ್ಯಗಳಲ್ಲಿಯೂ ಆಯೋಗಗಳಾಗಬೇಕೆಂದು ಆ ಕಾಯಿದೆಯು ಹೇಳುತ್ತದೆ.

ಕಾಯಿದೆಯು ಪೀಠವನ್ನು ಕೊಡಬಲ್ಲುದು. ಮಾತಿಗೆ ಬೆಲೆಯನ್ನು ಕೊಡತಕ್ಕವರು ಜನರು. ಇಲ್ಲಿ ನಮ್ಮ ಮಠಗಳ ಹೊಣೆಯು ದೊಡ್ಡದು. ಸುತ್ತೂರು ಶ್ರೀಗಳವರು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠವು ವೈದ್ಯಕೀಯ ಮತ್ತು ಶುಶ್ರೂಷಾ ವಿದ್ಯಾಲಯಗಳನ್ನು ನಡೆಸುವಷ್ಟು ಬೆಳೆದುದನ್ನು ನಾಡು ಕಂಡಿದೆ. ಅನ್ನದಾಸೋಹ, ಅಕ್ಷರದಾಸೋಹಗಳ ಜೊತೆಯಲ್ಲಿ ಆರೋಗ್ಯದಾಸೋಹವನ್ನೂ ನಮ್ಮ ಗುರುಪೀಠಗಳು ಕೈಗೊಂಡಿವೆ. ಅಂಥ ಆಸ್ಪತ್ರೆಗಳ ಮತ್ತು ವಿದ್ಯಾಲಯಗಳ ಆಡಳಿತಮಂಡಲಿಗಳಲ್ಲಿ ಶುಶ್ರೂಷಾಧ್ಯಕ್ಷೆಯು ವರದಿಯನ್ನು ಓದಿ ಹೊರಗೆ ಹೋಗುವವಳಾಗಿರದೆ, ಮತವುಳ್ಳ ಸದಸ್ಯೆಯಾಗಿ ಕುಳ್ಳಿರಲಿ. ಆಯವ್ಯಯವನ್ನು ಒಪ್ಪುವ ಮೊದಲು ರಾತ್ರಿಯ ಸರದಿಯಲ್ಲಿ ಎಷ್ಟು ಮಂದಿಯಿದ್ದಾರೆಂದು ಅವಳನ್ನು ಕೇಳಲಿ. ಸರಕಾರಕ್ಕೆ ಹೇಳುವ ಬುದ್ಧಿಯನ್ನು ನಮ್ಮ ಮನೆಯಲ್ಲಿ ಮೊದಲು ಆಚರಿಸಿ ತೋರಿಸಿದರೆ ಆ ಮಾತಿಗೆ ತೂಕವು ಬರುವುದು.

ಎಂಟುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕಾಯಕದವರಿಗೆ ಮಂಟಪದಲ್ಲಿ ಸ್ಥಾನವು ದೊರೆತುದರಿಂದಲೇ ಈ ಧರ್ಮವು ನಮ್ಮವರೆಗೆ ಬಂದಿತು. ಅಂಗಳವನ್ನು ಗುಡಿಸುತ್ತಿದ್ದ ಸತ್ಯಕ್ಕನ ಮಾತನ್ನು ಕೇಳಿದ ಪರಂಪರೆಯವರು ನಾವು. ಹೆಬ್ಬಗೋಡಿಯ ರಸ್ತೆಯಲ್ಲಿ ಮುಂಜಾನೆ ಕಣ್ಣು ಕೆಂಪಾಗಿ ಮನೆಗೆ ನಡೆಯುವ ತಂಗಿಯ ಮಾತನ್ನೂ, ಅವಳ ಸರದಿಯನ್ನು ಬರೆಯುವ ಅಕ್ಕನ ಮಾತನ್ನೂ ಕೇಳಲಾರೆವೆ? ಶ್ರೀಗುರುವು ನಮಗೆ ಆ ಕಿವಿಯನ್ನು ಕರುಣಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಶ್ರೀಮಠದ ಪಾದಗಳಲ್ಲಿ ಸಮರ್ಪಿಸುತ್ತೇನೆ.